ಬಯಲುಸೀಮೆಯಲ್ಲಿ ಗಿಡ ನೆಡೋದು ಯಾವಾಗ: ಜೂನ್ 5ಕ್ಕೋ, ಉತ್ತರೆ ಮಳೆಗೋ?

ಪ್ರಶ್ನೆ: ಮಧುಗಿರಿ ಹತ್ತಿರ ನಮ್ಮದು ಎರಡು ಎಕರೆ ಕೆಂಪು ಮಣ್ಣಿನ ಜಮೀನಿದೆ. ನಾವಿರೋದು ಬೆಂಗಳೂರಲ್ಲಿ, ವಾರಕ್ಕೊಮ್ಮೆ ಹೋಗಿ ಬರುತ್ತೇವೆ. ಮಾವು, ಹಲಸು, ಹುಣಸೆ, ಬದುವಿಗೆ ತೇಗ, ಮನೆ ಮಟ್ಟಿಗೆ ಒಂದಿಷ್ಟು ತರಕಾರಿ ಹಾಕಬೇಕು ಅಂತ ಆಸೆ. ಹೋದ ವರ್ಷ ಪರಿಸರ ದಿನದಂದು ನೆಟ್ಟ ಗಿಡಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಒಣಗಿ ಹೋದವು. ನರ್ಸರಿಯವರು ಜೂನ್ ಅಂತಾರೆ. ಪುತ್ತೂರಿನ ನಮ್ಮ ಭಾವ ಮಳೆ ಇಳಿದ ಮೇಲೆ ನೆಡಿ ಅಂತಾರೆ. ನಮ್ಮತ್ತೆ ಆಷಾಢದಲ್ಲಿ ಮಾತ್ರ ಬೇಡವೇ ಬೇಡ ಅಂತಾರೆ. ಬೋರ್‌ವೆಲ್ ಇದೆ. ಡ್ರಿಪ್ ಹಾಕಿದರೆ ಯಾವಾಗ ಬೇಕಾದರೂ ನೆಡಬಹುದಲ್ವಾ?

ಉತ್ತರ: ನಿಮ್ಮ ಜಮೀನಿಗಾದರೆ ಮಾವು, ಹಲಸಿನ ಕಸಿ ಗಿಡಗಳನ್ನು ಆಗಸ್ಟ್ ಕೊನೆಯಿಂದ ಸೆಪ್ಟೆಂಬರ್ ಕೊನೆಯೊಳಗೆ ನೆಡಿ. ತೇಗದ ಸ್ಟಂಪು, ಹುಣಸೆ ಬೀಜ, ಬೇಲಿ ಕಡ್ಡಿ ಇವೆಲ್ಲ ಜೂನ್‌ನಲ್ಲೇ ಆಗಲಿ. ಒಂದೇ ಜಮೀನಿಗೆ ಎರಡು ಕಾಲ ಯಾಕೆ ಅಂತ ಬಿಡಿಸಿ ಹೇಳುತ್ತೇನೆ. ಕಾರಣ ಗೊತ್ತಿದ್ದರೆ ಮಳೆ ಕೈಕೊಟ್ಟ ವರ್ಷ ಯಾರನ್ನೂ ಕೇಳದೆ ನೀವೇ ತೀರ್ಮಾನ ಮಾಡಬಹುದು.

ಮೊದಲು ಜೂನ್ 5ರ ವಿಷಯ. ಆ ತಾರೀಖಿಗೂ ನಮ್ಮ ಮಳೆಗೂ ಸಂಬಂಧವೇ ಇಲ್ಲ. 1972ರ ಜೂನ್ 5ರಂದು ಸ್ವೀಡನ್ನಿನ ಸ್ಟಾಕ್‌ಹೋಮ್‌ನಲ್ಲಿ ವಿಶ್ವಸಂಸ್ಥೆಯ ಪರಿಸರ ಸಮ್ಮೇಳನ ಶುರುವಾಯಿತು, ಆ ನೆನಪಿಗೆ ಆ ದಿನ ಪರಿಸರ ದಿನ. ಕರಾವಳಿಗೆ ಮುಂಗಾರು ಮುಟ್ಟುವ ಹೊತ್ತು ಅದೇ ಆಗಿರೋದು ಕಾಕತಾಳೀಯ. ಶಾಲೆ, ಆಫೀಸುಗಳಲ್ಲಿ ಫೋಟೋ ತೆಗೆಸಿಕೊಂಡು ಗಿಡ ನೆಡೋದಕ್ಕೆ ಒಳ್ಳೆಯ ದಿನ. ಮಧುಗಿರಿಯ ಕೆಂಪು ನೆಲದಲ್ಲಿ ಕಸಿ ಮಾವು ನೆಡೋದಕ್ಕೆ ಅಷ್ಟು ಒಳ್ಳೆಯ ದಿನ ಅಲ್ಲ.

ಮುಂಗಾರು ಅಂದ ಕೂಡಲೇ ನಮ್ಮ ಕಣ್ಣ ಮುಂದೆ ಬರೋದು ಆಗುಂಬೆ, ಮಂಗಳೂರಿನ ಜೂನ್–ಜುಲೈ ಮಳೆ. ಆ ಮೋಡ ಘಟ್ಟಕ್ಕೆ ಬಡಿದು ಅಲ್ಲೇ ಸುರಿದುಬಿಡುತ್ತದೆ. ಘಟ್ಟ ದಾಟಿ ತುಮಕೂರಿನ ಪೂರ್ವಕ್ಕೆ ಬರುವಾಗ ಉಳಿಯೋದು ಮುಸುಕಿದ ಆಕಾಶ, ಸಣ್ಣ ಜಿಮುರು ಮತ್ತು ಜೋರು ಗಾಳಿ. ನಿಮ್ಮ ಕಡೆ ವರ್ಷಕ್ಕೆ ಬರುವ ಮಳೆ 600 ಮಿಲಿಮೀಟರ್ ಆಚೀಚೆ. ಅದರಲ್ಲೂ ಎರಡು ಏರು ಇದೆ. ಒಂದು ಮೇ ತಿಂಗಳಲ್ಲಿ, ಸಂಜೆ ಗುಡುಗು ಸಮೇತ ಬರುವ ಮಳೆ. ಇನ್ನೊಂದು ಸೆಪ್ಟೆಂಬರ್–ಅಕ್ಟೋಬರ್‌ನಲ್ಲಿ, ದೊಡ್ಡದು, ಹೆಚ್ಚು ನಂಬಬಹುದಾದದ್ದು. ಬೆಂಗಳೂರಲ್ಲೂ ಹಾಗೇ ಅಲ್ವಾ? ರಸ್ತೆಯೆಲ್ಲ ಹೊಳೆಯಾಗೋದು ಜುಲೈಗಿಂತ ಸೆಪ್ಟೆಂಬರ್‌ನಲ್ಲೇ ಜಾಸ್ತಿ. ಈ ಎರಡು ಏರಿನ ನಡುವಿನ ತಗ್ಗು ಜೂನ್ ನಡುವಿನಿಂದ ಜುಲೈ ಕೊನೆತನಕ. ಅದೇ ಆಷಾಢ, ಅದೇ ಆಷಾಢದ ಗಾಳಿ. ನಿಮ್ಮ ಅತ್ತೆಯವರ ಮಾತನ್ನು ಶಾಸ್ತ್ರ ಅಂತ ತೆಗೆದುಕೊಳ್ಳೋದು ಬೇಡ, ಹವಾಮಾನ ವರದಿ ಅಂತ ತೆಗೆದುಕೊಳ್ಳಿ. ನಿಮ್ಮೂರಿನ ಮಟ್ಟಿಗೆ ಅವರು ಹೇಳಿದ್ದು ಸರಿ.

ಹೋದ ವರ್ಷ ನಿಮ್ಮ ಗಿಡಗಳಿಗೆ ಆಗಿದ್ದೂ ಬಹುಶಃ ಇದೇ. ನರ್ಸರಿ ಚೀಲದಲ್ಲಿರುವ ಗಿಡದ ಬೇರೆಲ್ಲ ಒಂದೆರಡು ಕೆ.ಜಿ. ಮಣ್ಣಿನೊಳಗೆ ಸುತ್ತಿಕೊಂಡಿರುತ್ತದೆ. ನೆಟ್ಟ ಮೇಲೆ ಹೊಸ ಬೇರು ಹೊರಗಿನ ಮಣ್ಣಿಗೆ ಇಳಿಯೋಕೆ ಕೆಲವು ವಾರ ಬೇಕು. ಅಲ್ಲಿಯವರೆಗೆ ಅದು ಬದುಕೋದು ಆ ಚೀಲದ ಮಣ್ಣಿನಲ್ಲಿರುವ ತೇವದಿಂದಲೇ. ಎಲೆಗಳೇನೂ ಕಾಯುವುದಿಲ್ಲ, ಹಗಲೆಲ್ಲ ನೀರು ಬಿಡುತ್ತಲೇ ಇರುತ್ತವೆ. ಗಾಳಿ ಬೀಸಿದಷ್ಟೂ ಜಾಸ್ತಿ ಬಿಡುತ್ತವೆ. ಮೇಲೆ ಬೀಳುವ ಜಿಮುರು ಎರಡು ಇಂಚು ಮಣ್ಣು ನೆನೆಸಿ ನಿಲ್ಲುತ್ತದೆ. ನೋಡಿದವರಿಗೆ ನೆಲ ಒದ್ದೆ, ಆಕಾಶದಲ್ಲಿ ಮೋಡ, ಮತ್ತೆ ನೀರು ಯಾಕೆ ಹಾಕಬೇಕು ಅನಿಸುತ್ತದೆ. ಒಂದಡಿ ಕೆಳಗೆ ಮಣ್ಣು ಬೂದಿಯ ಹಾಗೆ ಒಣಗಿರುತ್ತದೆ. ವಾರಕ್ಕೊಮ್ಮೆ ಬರುವವರಿಗೆ ಇದು ಗೊತ್ತಾಗುವ ಹೊತ್ತಿಗೆ ಎಲೆ ಮುರುಟಿರುತ್ತದೆ.

ಹಾಗಾಗಿ ತಿಂಗಳಿಗಿಂತ ಮುಖ್ಯ, ತೇವ ಎಷ್ಟು ಆಳಕ್ಕೆ ಇಳಿದಿದೆ ಅನ್ನೋದು. ಒಣಗಿದ ಕೆಂಪು ಮರಳು ಮಿಶ್ರಿತ ಮಣ್ಣಿನಲ್ಲಿ 25 ಮಿಲಿಮೀಟರ್ ಮಳೆ ಹರಿದು ಹೋಗದೆ ಪೂರ್ತಿ ಇಂಗಿದರೆ ನೆನೆಯೋದು ಸುಮಾರು ಅರ್ಧ ಅಡಿ. ಎರಡಡಿ ನೆನೆಯಬೇಕಾದರೆ 100 ಮಿಲಿಮೀಟರ್ ಆಚೀಚೆ ಬೇಕು, ಅದೂ ಹತ್ತಿರ ಹತ್ತಿರದ ದಿನಗಳಲ್ಲಿ. ಇದನ್ನು ಅಳೆಯೋಕೆ ಯಂತ್ರ ಬೇಕಿಲ್ಲ. ಬೆರಳು ದಪ್ಪದ ಕಬ್ಬಿಣದ ಸರಳು ತೆಗೆದುಕೊಂಡು ಮಳೆ ಬಂದ ಮಾರನೇ ದಿನ ನೆಲಕ್ಕೆ ಒತ್ತಿ. ತೇವ ಇರುವಷ್ಟು ದೂರ ಸಲೀಸಾಗಿ ಇಳಿಯುತ್ತದೆ, ಒಣ ಮಣ್ಣು ಸಿಕ್ಕಿದ ಕಡೆ ಗಕ್ಕನೆ ನಿಲ್ಲುತ್ತದೆ. ಕಲ್ಲಿಗೆ ತಾಗಿತೋ ಅಂತ ಅನುಮಾನ ಬಂದರೆ ನಾಲ್ಕು ಕಡೆ ಒತ್ತಿ ನೋಡಿ. ಒಂದೂವರೆ ಅಡಿ ಇಳಿದರೆ ಕಸಿ ಗಿಡ ನೆಡೋಕೆ ಹದ ಆಗಿದೆ ಅಂತ ಅರ್ಥ. ಒಂದು ಹಿಡಿ ಮಣ್ಣು ತೆಗೆದು ಅಮುಕಿ ನೋಡೋದೂ ಒಳ್ಳೆಯದು. ಉಂಡೆ ಕಟ್ಟಬೇಕು, ಆದರೆ ಕೈಗೆ ಮೆತ್ತಿಕೊಳ್ಳಬಾರದು.

ನಿಮ್ಮ ಕಡೆ ಈ ಹದ ಸಾಮಾನ್ಯವಾಗಿ ಸಿಗೋದು ಮಘೆ, ಹುಬ್ಬೆ, ಉತ್ತರೆ ನಕ್ಷತ್ರದ ಮಳೆಗಳಲ್ಲಿ. ಮಘೆ ಹುಟ್ಟೋದು ಆಗಸ್ಟ್ 16–17ರ ಸುಮಾರಿಗೆ, ಹುಬ್ಬೆ ಆಗಸ್ಟ್ 30ಕ್ಕೆ, ಉತ್ತರೆ ಸೆಪ್ಟೆಂಬರ್ 13ರ ಹೊತ್ತಿಗೆ. ಆಮೇಲೆ ಹಸ್ತ, ಚಿತ್ತೆ, ಸ್ವಾತಿ ಬರುತ್ತವೆ. ಅಂದರೆ ನೆಟ್ಟ ಗಿಡದ ಬೆನ್ನಿಗೆ ಇನ್ನೂ ಒಂದೂವರೆ–ಎರಡು ತಿಂಗಳ ಮಳೆ ಇರುತ್ತದೆ. ಗಾಳಿಯ ಅಬ್ಬರವೂ ಆ ಹೊತ್ತಿಗೆ ತಗ್ಗಿರುತ್ತದೆ. ಬಿಸಿಲು ಸಂಜೆಯ ಮಳೆಗೆ ತಣಿಯುತ್ತದೆ. ಬೇರು ಓಡೋಕೆ ಇದಕ್ಕಿಂತ ಒಳ್ಳೆಯ ಕಾಲ ನಿಮ್ಮ ಜಮೀನಿಗೆ ವರ್ಷದಲ್ಲಿ ಇನ್ನೊಂದಿಲ್ಲ.

ಇದಕ್ಕೆ ಒಂದು ಬೆಲೆಯೂ ಇದೆ. ತಡವಾಗಿ ನೆಟ್ಟ ಗಿಡಕ್ಕೆ ಬೇಸಿಗೆಗೆ ಮುಂಚೆ ಸಿಗುವ ಕಾಲ ಕಡಿಮೆ. ಡಿಸೆಂಬರ್–ಜನವರಿಯ ಚಳಿಯಲ್ಲಿ ಮಾವು, ಹಲಸು ಹೆಚ್ಚು ಬೆಳೆಯೋದಿಲ್ಲ, ಸುಮ್ಮನೆ ನಿಂತಿರುತ್ತವೆ. ಅದಕ್ಕೇ ಕೆಲವರು ಮೇ ತಿಂಗಳ ಮಳೆಗೇ ನೆಟ್ಟುಬಿಡಿ ಅಂತಾರೆ. ತೋಟದಲ್ಲೇ ವಾಸ ಇದ್ದು, ಜೂನ್–ಜುಲೈನಲ್ಲಿ ಎರಡು ದಿನಕ್ಕೊಮ್ಮೆ ಬುಡ ಮುಟ್ಟಿ ನೋಡಿ ನೀರು ಕೊಡುವವರಿಗೆ ಅದು ಸರಿಯಾದ ಮಾತು. ವಾರಕ್ಕೊಮ್ಮೆ ಬರುವ ನಿಮಗೆ ನಾನು ಅದನ್ನು ಹೇಳೋದಿಲ್ಲ. ಏಪ್ರಿಲ್‌ನ ಒಂದು ಜೋರು ಮಳೆಗೆ ಆಸೆಪಟ್ಟು ನೆಡೋದಂತೂ ಬೇಡ. ಅದರ ಹಿಂದೆಯೇ ಇಪ್ಪತ್ತು ದಿನ ಉರಿಬಿಸಿಲು ಕಾದಿರಬಹುದು. ‘ಭರಣಿ ಮಳೆ ಬಂದರೆ ಧರಣಿ ಬೆಳೆ’ ಅಂತ ಹಿರಿಯರು ಹೇಳಿದ್ದು ಉಳುಮೆ, ಬಿತ್ತನೆಗೆ ನೆಲ ಸಿದ್ಧವಾಗುತ್ತದೆ ಅನ್ನೋ ಖುಷಿಗೆ. ಕಸಿ ಗಿಡ ಅವರ ಲೆಕ್ಕದಲ್ಲಿ ಇರಲಿಲ್ಲ.

ಇನ್ನು ಡ್ರಿಪ್. ಡ್ರಿಪ್ ಬೇರಿಗೆ ನೀರು ಕೊಡುತ್ತದೆ, ಗಾಳಿಯಲ್ಲಿರುವ ಒಣತನ ತೆಗೆಯೋದಿಲ್ಲ. ಮಾರ್ಚ್–ಏಪ್ರಿಲ್‌ನ ಸುಡುಗಾಳಿಯಲ್ಲಿ ಬುಡ ಒದ್ದೆಯಿದ್ದರೂ ಕಸಿಯ ಎಳೆ ಚಿಗುರು ಸುಟ್ಟು ಹೋಗೋದನ್ನು ನೋಡಬಹುದು. ಬೇರು ಕಡಿಮೆ ಇರುವಾಗ ಎಲೆ ಕಳೆದುಕೊಳ್ಳುವಷ್ಟು ನೀರನ್ನು ಅದು ಎತ್ತಿಕೊಡಲಾರದು. ಕರೆಂಟ್ ಕೈಕೊಡೋದು, ಡ್ರಿಪ್ಪರ್ ಕಟ್ಟಿಕೊಳ್ಳೋದು, ಇಲಿ ಪೈಪು ಕಡಿಯೋದು ಬೇರೆ. ಡ್ರಿಪ್ ಬೇಕೇ ಬೇಕು, ಆದರೆ ಅದರ ಕೆಲಸ ಮೊದಲ ಬೇಸಿಗೆ ದಾಟಿಸೋದು. ಕಾಲವನ್ನು ಅದು ಬದಲಾಯಿಸೋದಿಲ್ಲ.

ಈಗಿನಿಂದ ಏನು ಮಾಡಬೇಕು ಅಂದರೆ, ನೆಡೋದು ಆಗಸ್ಟ್ ಆದರೂ ಗುಂಡಿಯ ಕೆಲಸ ಏಪ್ರಿಲ್‌ಗೇ ಶುರು. ಮಾವು, ಹಲಸಿಗೆ ಮೂರಡಿ ಉದ್ದ, ಅಗಲ, ಆಳ. ಮೇಲಿನ ಒಂದಡಿ ಮಣ್ಣು ಒಂದು ಕಡೆ, ಕೆಳಗಿನ ಗಟ್ಟಿ ಮಣ್ಣು ಇನ್ನೊಂದು ಕಡೆ ಹಾಕಿಸಿ. ಟ್ರ್ಯಾಕ್ಟರ್ ಆಗರ್‌ನಲ್ಲಿ ತೋಡಿಸಿದರೆ ಗುಂಡಿಯ ಗೋಡೆ ನುಣ್ಣಗೆ ಗಟ್ಟಿಯಾಗಿರುತ್ತದೆ, ಬೇರು ಅಲ್ಲೇ ಸುತ್ತುತ್ತದೆ. ಗುದ್ದಲಿಯಿಂದ ಕೆರೆದು ಒರಟು ಮಾಡಿಸಿ. ಗುಂಡಿ ಕೆಲವು ವಾರ ಬಿಸಿಲಿಗೆ ಬಾಯಿ ತೆರೆದಿರಲಿ. ಮೇ ತಿಂಗಳಲ್ಲಿ ಒಂದೆರಡು ಮಳೆ ಅದರೊಳಗೆ ಬಿದ್ದ ಮೇಲೆ, ರೋಹಿಣಿ ಮಳೆಯ ಹೊತ್ತಿಗೆ, ಅಂದರೆ ಮೇ 25ರ ಆಸುಪಾಸು, ಮೇಲ್ಮಣ್ಣು, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ, ಸ್ವಲ್ಪ ಬೇವಿನ ಹಿಂಡಿ ಸೇರಿಸಿ ತುಂಬಿಸಿ. ನೆಲಮಟ್ಟಕ್ಕಿಂತ ಅರ್ಧ ಅಡಿ ಎತ್ತರ ಇರಲಿ. ಹಸಿ ಸಗಣಿ ಹಾಕಿದರೆ ಗೆದ್ದಲು, ಗೊಣ್ಣೆಹುಳಕ್ಕೆ ಔತಣ ಕೊಟ್ಟಂತೆ.

ಮೂರು ತಿಂಗಳು ಮೊದಲೇ ತುಂಬಿಸೋದು ಯಾಕೆ ಅಂತ ಬಹಳ ಜನ ಕೇಳುತ್ತಾರೆ. ಹೊಸದಾಗಿ ತುಂಬಿದ ಮಣ್ಣು ಮಳೆ ಬಿದ್ದಂತೆ ಕುಸಿಯುತ್ತದೆ. ತುಂಬಿಸಿದ ದಿನವೇ ಗಿಡ ನೆಟ್ಟರೆ ಗಿಡವೂ ಅದರ ಜೊತೆ ಇಳಿಯುತ್ತದೆ. ಕಸಿ ಗಂಟು ಮಣ್ಣಿನೊಳಗೆ ಹೋಗುತ್ತದೆ, ಅಲ್ಲಿ ನೀರು ನಿಂತು ಕೊಳೆಯುತ್ತದೆ. ಕುಸಿಯೋದೆಲ್ಲ ಗಿಡ ಬರುವ ಮುಂಚೆಯೇ ಆಗಿ ಹೋಗಲಿ. ತುಂಬಿದ ಗುಂಡಿಯ ಸಡಿಲ ಮಣ್ಣು ಜೂನ್–ಜುಲೈನ ಸಣ್ಣ ಮಳೆಯನ್ನೂ ಕುಡಿದು ಇಟ್ಟುಕೊಳ್ಳುತ್ತದೆ, ಅದೂ ಒಂದು ಲಾಭ.

ಆ ನಡುವಿನ ಎರಡು ತಿಂಗಳು ಸುಮ್ನೆ ಕೂರೋದು ಬೇಡ. ಜೂನ್ ಮೊದಲಲ್ಲಿ ಪ್ರತಿ ಗುಂಡಿಯ ಪಶ್ಚಿಮ ಮತ್ತು ನೈಋತ್ಯ ಬದಿಗೆ, ಎರಡು ಮೂರಡಿ ದೂರದಲ್ಲಿ, ಅರ್ಧಚಂದ್ರಾಕಾರವಾಗಿ ತೊಗರಿ ಬಿತ್ತಿ. ಸೆಪ್ಟೆಂಬರ್ ಹೊತ್ತಿಗೆ ಎದೆಯೆತ್ತರ ಬಂದಿರುತ್ತದೆ. ನೀವು ತಂದು ನೆಡುವ ಗಿಡಕ್ಕೆ ಗಾಳಿಗೆ ತಡೆ, ಸಂಜೆ ಬಿಸಿಲಿಗೆ ನೆರಳು ತಾನಾಗಿಯೇ ಸಿದ್ಧ. ಕಾಯಿ ಬಿಡಿಸಿಕೊಂಡ ಮೇಲೆ ಗಿಡ ಕೀಳಬೇಡಿ, ಒಣ ಕಡ್ಡಿಗಳು ಬೇಸಿಗೆ ಮುಗಿಯುವ ತನಕ ನಿಂತಿರಲಿ. ಸಾಲಿನ ನಡುವಿನ ಖಾಲಿ ಜಾಗಕ್ಕೆ ಆಗಸ್ಟ್ ಕೊನೆಗೆ ಹುರುಳಿ ಎರಚಿದರೆ ನೆಲ ಮುಚ್ಚಿಕೊಳ್ಳುತ್ತದೆ. ಕಳೆಯೂ ಕಡಿಮೆ, ಮನೆಗೆ ಹುರುಳಿಯೂ ಆಯಿತು.

ಗಿಡ ಕೊಳ್ಳೋದರಲ್ಲಿ ಒಂದು ಸೂಕ್ಷ್ಮ ಇದೆ. ಒಳ್ಳೆಯ ಗಿಡಗಳೆಲ್ಲ ಜೂನ್–ಜುಲೈನಲ್ಲಿ ಖಾಲಿಯಾಗುತ್ತವೆ, ಸೆಪ್ಟೆಂಬರ್‌ಗೆ ಉಳಿಯೋದು ಯಾರೂ ಬೇಡ ಅಂದದ್ದು. ಆದ್ದರಿಂದ ಜೂನ್‌ನಲ್ಲೇ ಆರಿಸಿ ತನ್ನಿ, ದೊಡ್ಡ ಚೀಲಕ್ಕೆ ಬದಲಾಯಿಸಿ, ಬೆಂಗಳೂರಿನ ಮನೆಯಲ್ಲೇ ಅರೆನೆರಳಿನಲ್ಲಿ ಇಟ್ಟು ಸಾಕಿ. ಆಗಸ್ಟ್ ಹೊತ್ತಿಗೆ ನಿಧಾನವಾಗಿ ಬಿಸಿಲಿಗೆ ಸರಿಸಿ ಅಭ್ಯಾಸ ಮಾಡಿಸಿ. ನರ್ಸರಿಯ ನೆರಳುಬಲೆಯ ಕೆಳಗಿಂದ ನೇರವಾಗಿ ಬಯಲಿಗೆ ತಂದ ಗಿಡ ಯಾವ ನಕ್ಷತ್ರದಲ್ಲಿ ನೆಟ್ಟರೂ ಬೆದರುತ್ತದೆ. ಕೆಂಪು ಎಳೆ ಚಿಗುರು ಇರುವಾಗ ಸಾಗಿಸಬೇಡಿ, ನೆಡಲೂಬೇಡಿ. ಎಲೆ ಹಸಿರಾಗಿ ಗಡುಸಾಗುವವರೆಗೆ ಕಾಯಿರಿ. ಹಲಸಿಗೆ ನಿಮ್ಮ ಜಿಲ್ಲೆಯಲ್ಲೇ ಒಳ್ಳೆಯ ದಾರಿ ಇದೆ. ತುಮಕೂರಿನ ಹಿರೇಹಳ್ಳಿಯಲ್ಲಿ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಕೇಂದ್ರವಿದೆ. ಗುಬ್ಬಿ ತಾಲೂಕಿನ ಚೇಳೂರಿನ ರೈತರ ತೋಟದಲ್ಲಿ ಸಿಕ್ಕ ಕೆಂಪು ತೊಳೆಯ ‘ಸಿದ್ದು’ ಹಲಸನ್ನು ಹೊರತಂದದ್ದು ಅವರೇ. ಅಲ್ಲಿ ಮುಂಚೆಯೇ ವಿಚಾರಿಸಿ ಇಡಿ.

ಜೂನ್‌ನಲ್ಲೇ ಆಗಲಿ ಅಂದದ್ದು ಯಾವುದಕ್ಕೆ ಮತ್ತು ಯಾಕೆ ಅಂದರೆ: ತೇಗದ ಸ್ಟಂಪು ಅಂತ ಸಿಗುತ್ತದಲ್ಲ, ಹೆಬ್ಬೆರಳು ದಪ್ಪದ, ಮೇಲೆ ಕೆಳಗೆ ಕತ್ತರಿಸಿದ ಬೇರು, ಅದಕ್ಕೆ ಎಲೆಯೇ ಇರೋದಿಲ್ಲ. ನೀರು ಕಳೆದುಕೊಳ್ಳುವ ಚಿಂತೆ ಇಲ್ಲ. ಮೊದಲ ಮಳೆಗೇ ಊರಿಬಿಟ್ಟರೆ ಹದ ನೋಡಿಕೊಂಡು ತಾನೇ ಚಿಗುರುತ್ತದೆ. ಬೇಲಿಗೆ ಹಾಕುವ ಗ್ಲಿರಿಸಿಡಿಯಾ ಕಡ್ಡಿಗೂ ಇದೇ ಮಾತು. ಹುಣಸೆಯನ್ನು ಬದುವಿನಲ್ಲಿ ಬೀಜದಿಂದಲೇ ಬೆಳೆಸೋದಾದರೆ ಜೂನ್‌ನಲ್ಲಿ ಸ್ಥಳದಲ್ಲೇ ಎರಡು ಮೂರು ಬೀಜ ಊರಿ. ಬೀಜದ ಗಿಡ ಮೊದಲು ತಾಯಿಬೇರನ್ನು ಆಳಕ್ಕೆ ಇಳಿಸುತ್ತದೆ, ಮೇಲೆ ನಾಲ್ಕು ಎಲೆ ಮಾತ್ರ ಇಟ್ಟುಕೊಂಡಿರುತ್ತದೆ. ಫಲಕ್ಕೆ ವರ್ಷಗಟ್ಟಲೆ ಕಾಯಬೇಕು ಅನ್ನೋದು ನಿಜ, ಬೇಗ ಬೇಕಿದ್ದರೆ ಕಸಿ ಹುಣಸೆ ತಂದು ಮಾವಿನ ಜೊತೆ ಸೆಪ್ಟೆಂಬರ್‌ನಲ್ಲಿ ನೆಡಿ. ಬೇವು, ಹಲಸಿನ ಬೀಜಗಳು ಮೊಳೆಯುವ ಶಕ್ತಿಯನ್ನು ಬೇಗ ಕಳೆದುಕೊಳ್ಳುತ್ತವೆ. ಅವನ್ನು ಹಣ್ಣಿನಿಂದ ತೆಗೆದ ಕೆಲವೇ ದಿನಗಳಲ್ಲಿ ಊರಬೇಕು. ಮರಗಳು ಹಣ್ಣು ಉದುರಿಸುವ ಕಾಲ ನೋಡಿದರೆ ಅವುಗಳಿಗೆ ಈ ಲೆಕ್ಕ ನಮಗಿಂತ ಚೆನ್ನಾಗಿ ಗೊತ್ತು.

ನಿಮ್ಮ ಭಾವನವರ ಮಾತಿಗೂ ಕಾರಣ ಇದೆ, ಆದರೆ ಅದು ಬೇರೆ ಕಾರಣ. ಪುತ್ತೂರಲ್ಲಿ ವರ್ಷಕ್ಕೆ 3500 ಮಿಲಿಮೀಟರಿಗೂ ಜಾಸ್ತಿ ಮಳೆ. ಅಲ್ಲಿ ಜುಲೈನಲ್ಲಿ ಗಿಡ ಸಾಯೋದು ನೀರಿಲ್ಲದೆ ಅಲ್ಲ, ನೀರು ಜಾಸ್ತಿಯಾಗಿ, ಬೇರಿಗೆ ಉಸಿರು ಕಟ್ಟಿ. ಅದಕ್ಕೇ ಅಡಿಕೆಯನ್ನು ನೀರು ಬಸಿಯುವ ಮಣ್ಣಿನಲ್ಲಿ ಮೇ–ಜೂನ್‌ಗೆ, ಜೇಡಿ ನೆಲದಲ್ಲಿ ಆಗಸ್ಟ್–ಸೆಪ್ಟೆಂಬರ್‌ಗೆ ನೆಡುವ ಪದ್ಧತಿ. ಅವರು ಮಳೆ ತಗ್ಗಲಿ ಅಂತ ಕಾಯುತ್ತಾರೆ, ನೀವು ಮಳೆ ಏರಲಿ ಅಂತ ಕಾಯುತ್ತೀರಿ. ತಿಂಗಳು ಒಂದೇ ಬಂತು ಅಷ್ಟೇ. ಹಾಗಂತ ಅವರ ತೋಟದ ಉಳಿದ ಕ್ರಮ ನಕಲು ಮಾಡಬೇಡಿ. ಅವರು ಬುಡಕ್ಕೆ ಮಣ್ಣು ಏರಿಸಿ ನೀರು ಆಚೆ ಹೋಗುವ ಹಾಗೆ ಮಾಡುತ್ತಾರೆ. ನೀವು ಬುಡದ ಸುತ್ತ ಪಾತಿ ಮಾಡಿ ನೀರು ಒಳಗೆ ಬರುವ ಹಾಗೆ ಮಾಡಬೇಕು, ಇಳಿಜಾರಿದ್ದರೆ ಕೆಳಬದಿಗೆ ಅರ್ಧಚಂದ್ರದ ಬದು. ವಿಜಯಪುರ, ಕಲಬುರಗಿಯ ಎರೆಮಣ್ಣಿನವರು ಇದನ್ನು ಓದುತ್ತಿದ್ದರೆ ಅವರಿಗೆ ಈ ಉತ್ತರ ಪೂರ್ತಿ ಹೊಂದೋದಿಲ್ಲ. ಅಲ್ಲಿ ಸೆಪ್ಟೆಂಬರ್ ಮಳೆಗೆ ಹೊಲಕ್ಕೆ ಕಾಲಿಡೋದೇ ಕಷ್ಟ, ಗುಂಡಿಯಲ್ಲಿ ನೀರು ನಿಲ್ಲುತ್ತದೆ. ದಿಬ್ಬ ಮಾಡಿ, ದೊಡ್ಡ ಮಳೆಗೆ ಮುಂಚೆಯೇ ಬೇರು ಹಿಡಿಸಿಕೊಳ್ಳಬೇಕು.

ನೆಡುವ ದಿನ ಮೋಡವಿದ್ದರೆ ಒಳ್ಳೆಯದು, ಇಲ್ಲದಿದ್ದರೆ ಸಂಜೆ ನಾಲ್ಕರ ಮೇಲೆ. ಅಮಾವಾಸ್ಯೆಯೋ ಹುಣ್ಣಿಮೆಯೋ ಅನ್ನೋದಕ್ಕಿಂತ ಬೆಳಿಗ್ಗೆಯೋ ಸಂಜೆಯೋ ಅನ್ನೋದು ಗಿಡಕ್ಕೆ ಹೆಚ್ಚು ಮುಖ್ಯ. ಸಂಜೆ ನೆಟ್ಟರೆ ರಾತ್ರಿಯೊಂದು ಪೂರ್ತಿ ಸುಧಾರಿಸಿಕೊಳ್ಳಲು ಸಿಗುತ್ತದೆ. ಚೀಲದ ತಳದಲ್ಲಿ ಸುರುಳಿ ಸುತ್ತಿದ ಬೇರು ಕತ್ತರಿಸಿ, ಕಸಿ ಗಂಟು ನೆಲದಿಂದ ಮೇಲಿರಲಿ, ಗಂಟಿನ ಕೆಳಗೆ ಬರುವ ಚಿಗುರು ಆಗಾಗ ಚಿವುಟಿ. ಅಕ್ಟೋಬರ್ ಕೊನೆಗೆ, ನೆಲ ಇನ್ನೂ ಒದ್ದೆಯಿರುವಾಗಲೇ, ಬುಡಕ್ಕೆ ದಪ್ಪ ಹೊದಿಕೆ ಹಾಕಿ: ಒಣ ಎಲೆ, ತೆಂಗಿನ ಸಿಪ್ಪೆ, ರಾಗಿ ಹುಲ್ಲು ಏನಾದರೂ ಸರಿ. ಕಾಂಡಕ್ಕೆ ತಾಗಿಸದೆ ಒಂದು ಗೇಣು ಬಿಟ್ಟು ಹಾಕಿ, ಇಲ್ಲದಿದ್ದರೆ ಗೆದ್ದಲು ಹತ್ತುತ್ತದೆ. ಡಿಸೆಂಬರ್‌ನಿಂದ ವಾರಕ್ಕೊಮ್ಮೆ ಹತ್ತು ಹದಿನೈದು ಲೀಟರ್, ಮಾರ್ಚ್ ಬಂದ ಮೇಲೆ ವಾರಕ್ಕೆರಡು ಸಲ. ನಿಮ್ಮ ಡ್ರಿಪ್ ದುಡಿಯಬೇಕಾದ್ದು ಇಲ್ಲಿ. ಜನವರಿಯಲ್ಲಿ ಮೊಣಕಾಲೆತ್ತರದ ಕಸಿ ಮಾವು ಹೂ ಬಿಟ್ಟು ಆಸೆ ಹುಟ್ಟಿಸುತ್ತದೆ. ಮನಸ್ಸು ಗಟ್ಟಿ ಮಾಡಿ ಚಿವುಟಿ ಹಾಕಿ.

ತರಕಾರಿ ವಿಷಯ ಚಿಕ್ಕದಾಗಿ ಹೇಳುತ್ತೇನೆ, ಅದು ನೀರಿದ್ದರೆ ವರ್ಷವಿಡೀ ನಡೆಯುತ್ತದೆ. ಕೊತ್ತಂಬರಿ, ಮೂಲಂಗಿ, ಕ್ಯಾರೆಟ್, ಕೋಸು ಅಕ್ಟೋಬರ್ ನಂತರ. ಬೇಸಿಗೆ ಟೊಮೆಟೊ ಮೊದಲ ಸಲಕ್ಕೆ ಬೇಡ. ಬಿಳಿನೊಣ ಹೆಚ್ಚಿ ಎಲೆಮುರುಟು ರೋಗ ತರುತ್ತದೆ, ಸೆಕೆಗೆ ಹೂವೂ ಉದುರುತ್ತದೆ. ಅವರೆಗೆ ಮಾತ್ರ ಎರಡು ಮಾತು ಜಾಸ್ತಿ ಬೇಕು. ಸೊಗಡಿರುವ ನಾಟಿ ಅವರೆ ಹಗಲು ಚಿಕ್ಕದಾಗದೆ ಹೂ ಬಿಡೋದಿಲ್ಲ. ಫೆಬ್ರವರಿಯಲ್ಲಿ ಬಿತ್ತಿದರೆ ಬಳ್ಳಿ ಚಪ್ಪರ ತುಂಬುತ್ತದೆ, ಕಾಯಿ ಕಾಣೋದಿಲ್ಲ. ಗೊಬ್ಬರ ಸಾಲದು ಅಂತ ಇನ್ನಷ್ಟು ಹಾಕಿ ಇನ್ನಷ್ಟು ಬಳ್ಳಿ ಬೆಳೆಸುವವರಿದ್ದಾರೆ. ಜುಲೈ–ಆಗಸ್ಟ್‌ನಲ್ಲಿ ಬಿತ್ತಿ, ಡಿಸೆಂಬರ್–ಜನವರಿಗೆ ಕಾಯಿ. ಬೇರೆ ಕಾಲದಲ್ಲೂ ಬೇಕೆಂದರೆ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಹೆಬ್ಬಾಳ ಅವರೆ ತಳಿಗಳಿವೆ, ಎಚ್‌ಎ-3, ಎಚ್‌ಎ-4. ಅವು ಹಗಲಿನ ಉದ್ದ ನೋಡದೆ ಹೂ ಬಿಡುತ್ತವೆ. ಸೊಗಡಿನ ವಿಷಯದಲ್ಲಿ ನಾನು ನಾಟಿ ಅವರೆಯ ಪಕ್ಷ.

ಕೊನೆಯದಾಗಿ, ಸೆಪ್ಟೆಂಬರ್ ಕೂಡ ಕೈಕೊಟ್ಟರೆ? 2023 ನೆನಪಿದೆಯಲ್ಲ. 1901ರಿಂದ ಈಚೆಗೆ ದೇಶ ಅಷ್ಟು ಒಣ ಆಗಸ್ಟ್ ಕಂಡಿರಲಿಲ್ಲ, ರಾಜ್ಯದ ಬಹುಪಾಲು ತಾಲೂಕುಗಳು ಬರಪೀಡಿತ ಅಂತ ಘೋಷಣೆಯಾದವು. ನೀವು ಬೆಂಗಳೂರಲ್ಲಿದ್ದರೂ ನಿಮ್ಮ ಪಂಚಾಯಿತಿಯ ಮಳೆ ಲೆಕ್ಕ ಸಿಗುತ್ತದೆ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದವರು ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಮಳೆಮಾಪಕ ಇಟ್ಟಿದ್ದಾರೆ, ಅವರ ವರುಣಮಿತ್ರ ಸಹಾಯವಾಣಿಗೆ ಫೋನ್ ಮಾಡಿ ಕೇಳಬಹುದು. ಆಗಸ್ಟ್ ನಡುವಿನಿಂದ ಲೆಕ್ಕ ಇಡಿ. ಹದ ಆಗಿಲ್ಲದೆ ಸೆಪ್ಟೆಂಬರ್ 30 ದಾಟಿದರೆ ಆ ವರ್ಷ ನೆಡಬೇಡಿ. ಗಿಡಗಳನ್ನು ಇನ್ನೂ ದೊಡ್ಡ ಚೀಲಕ್ಕೋ, ಹಳೆಯ ಪೇಂಟ್ ಬಕೆಟ್ಟಿಗೋ ಬದಲಾಯಿಸಿ, ತಳಕ್ಕೆ ತೂತು ಮಾಡಿ, ಬೆಂಗಳೂರಿನ ಮನೆಯಲ್ಲೇ ಮುಂದಿನ ಮಳೆಗಾಲದವರೆಗೆ ಸಾಕಿ. ಒಂದು ವರ್ಷ ತಡವಾದ ಗಿಡಕ್ಕೆ ಏನೂ ಆಗೋದಿಲ್ಲ. ಗುಂಡಿಗಳಿಗೆ ಅಷ್ಟರಲ್ಲಿ ಇನ್ನೊಂದಿಷ್ಟು ತೊಗರಿಯೋ ಹುರುಳಿಯೋ ಬಿತ್ತಿಕೊಳ್ಳಿ.